ಮಗಿಲ್ ಗುಡ್ಡದ ಸುರಂಗ

ದಕ್ಷಿಣ ಆಸ್ಟ್ರೇಲಿಯಾದ ರಾಜಧಾನಿಯಾದ ಅಡಿಲೇಡ್ ನಗರದ ನಡುವಿನಿಂದ ಪೂರ್ವಕ್ಕೆ ಎಂಟು ಕಿಲೋಮೀಟರಿನಷ್ಟು ಸಾಗಿದರೆ ಬಯಲು ಮುಗಿದು ಗುಡ್ಡಗಳ ಸಾಲು ಏಳುತ್ತದೆ. ಗುಡ್ಡದ ಬುಡದಲ್ಲಿರುವುದು ಮಗಿಲ್ ಎಂಬ ಬಡಾವಣೆ. ಅಚ್ಚುಕಟ್ಟಾದ ಮನೆಗಳು, ನೇರವಾದ ಬೀದಿಗಳು; ಯಾವ ದೊಡ್ಡ ಊರಿನ ಹೊರವಲಯವೂ ಹೀಗೆಯೇ ಅಲ್ಲವೇ ಎಂದುಕೊಳ್ಳುವಷ್ಟರಲ್ಲಿ ಮನೆಗಳ ಮಧ್ಯದಿಂದ ಒಂದು ದ್ರಾಕ್ಷಿತೋಟ ಇಳಿಜಾರಾಗಿ ಕಣ್ಣಿಗೆ ಬೀಳುತ್ತದೆ. ತೋಟವೇನೂ ದೊಡ್ಡದಲ್ಲ, ಐದು ಹೆಕ್ಟೇರಿಗೆ ತುಸು ಮಿಕ್ಕೀತು, ಎಂದರೆ ಸುಮಾರು ಹದಿಮೂರು ಎಕರೆ. ಅದರ ಮಗ್ಗುಲಲ್ಲಿ ನೀಲಿಗಲ್ಲಿನ ಹಳೆಯ ಕಟ್ಟಡಗಳು, ಒಂದು ಪುಟ್ಟ ಕಲ್ಲಿನ ಮನೆ. ಬಳ್ಳಿಗಳ ನಡುವೆ ನಿಂತು ಪಶ್ಚಿಮಕ್ಕೆ ತಿರುಗಿದರೆ ಕೆಳಗೆ ಇಡೀ ನಗರ ಹಾಸಿಕೊಂಡಿರುವುದು ಕಾಣುತ್ತದೆ. ಆದರೆ ನೋಡಲೆಂದು ಬಂದವರು ಇಷ್ಟಕ್ಕೆ ತೃಪ್ತರಾಗಿ ಹಿಂದಿರುಗುವುದಿಲ್ಲ. ಗುಡ್ಡದ ಒಡಲೊಳಕ್ಕೆ ಕೊರೆದ ಸುರಂಗಗಳು ಇಲ್ಲುಂಟು. ಅವುಗಳೊಳಗೆ ನಾಲ್ಕು ಹೆಜ್ಜೆ ಇಟ್ಟ ಬಳಿಕವೇ ಬಂದದ್ದು ಸಾರ್ಥಕವೆಂದು ಅವರ ಎಣಿಕೆ.

ಹೊರಗೆ ಎಂತಹ ಬೇಸಗೆಯ ಬಿಸಿಲಿದ್ದರೂ ಸುರಂಗದಲ್ಲಿ ತಂಪು. ಮಂದವಾದ ಬೆಳಕು. ಕಲ್ಲಿಗೂ ಮರಕ್ಕೂ ಹಳೆಯ ದ್ರಾಕ್ಷಾರಸಕ್ಕೂ ಸೇರಿದ ಒಂದು ವಾಸನೆ. ಗ್ರೇಂಜ್ ಎಂಬ ಹೆಸರಿನ ಕೆಂಪು ವೈನು ಈ ಕತ್ತಲೆಯಲ್ಲಿ ಬೆಳೆದದ್ದು. ಅಷ್ಟೇ ಅಲ್ಲದೆ ಒಂದು ಕಾಲದಲ್ಲಿ ಮೂರು ವರ್ಷಗಳ ಬೆಳೆಯನ್ನು ಅದರ ಒಡೆಯರಿಗೇ ತಿಳಿಯದಂತೆ ಬಚ್ಚಿಟ್ಟದ್ದೂ ಇಲ್ಲಿಯೇ. ವೈನಿನ ಮಾತೆತ್ತಿದರೆ ಮೂಗು ಮುರಿಯುವ ಗೃಹಸ್ಥರೂ ಗೃಹಿಣಿಯರೂ ಈ ಕಥೆಯನ್ನು ಧಾರಾಳವಾಗಿ ಕೇಳಬಹುದು. ಸಂಬಳಕ್ಕೆ ದುಡಿಯುವ ಒಬ್ಬ ಮನುಷ್ಯ ಯಜಮಾನರ ಅಪ್ಪಣೆಗೂ ತನ್ನ ನಾಲಗೆಯ ಸಾಕ್ಷಿಗೂ ನಡುವೆ ಸಿಕ್ಕಿಕೊಂಡು ಏನು ಮಾಡಿದನೆಂಬುದೇ ಅದರ ತಿರುಳು.

ಕಥೆಯ ಮೊದಲು ಒಬ್ಬ ವೈದ್ಯನಿಂದ. ಇಂಗ್ಲೆಂಡಿನ ಕ್ರಿಸ್ಟೋಫರ್ ರಾಸನ್ ಪೆನ್‌ಫೋಲ್ಡ್ ಎಂಬ ಡಾಕ್ಟರು 1844ರಲ್ಲಿ ತನ್ನ ಹೆಂಡತಿ ಮೇರಿ ಹಾಗೂ ಪುಟ್ಟ ಮಗಳೊಡನೆ ಹಡಗಿಳಿದು ಮಗಿಲ್‌ನಲ್ಲಿ ನೆಲ ಕೊಂಡನು. ರೋಗಿಗಳಿಗೆ ಔಷಧವಾಗಿ ವೈನನ್ನು ಕೊಡುವ ಪದ್ಧತಿ ಆಗಿನ ವೈದ್ಯರಲ್ಲಿ ಇತ್ತು. ರಕ್ತ ಕಡಿಮೆಯಾಗಿ ಬಿಳಿಚಿಕೊಂಡವರಿಗೆ ಅದು ಪುಷ್ಟಿಯೆಂದು ನಂಬಿಕೆ. ದ್ರಾಕ್ಷಾರಿಷ್ಟದ ಸೀಸೆಯನ್ನು ಬಾಣಂತಿಯ ತಲೆದೆಸೆಯಲ್ಲಿಟ್ಟು ಬಲ್ಲ ಕನ್ನಡದ ಮನೆಗಳಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಡಾಕ್ಟರು ದಂಪತಿಗಳು ದ್ರಾಕ್ಷಿ ಬಳ್ಳಿಗಳನ್ನು ನೆಟ್ಟರು. ಕಲ್ಲಿನ ಒಂದು ಮನೆಯನ್ನು ಕಟ್ಟಿಕೊಂಡು ಅದಕ್ಕೆ ‘ಗ್ರೇಂಜ್’ ಎಂದು ಹೆಸರಿಟ್ಟರು. ಕಣಜವುಳ್ಳ ಹೊಲದ ಮನೆ ಎಂದು ಆ ಮಾತಿಗೆ ಅರ್ಥ. ಗಂಡ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರೆ ತೋಟವನ್ನೂ ವೈನು ತಯಾರಿಕೆಯನ್ನೂ ನಿಜವಾಗಿ ನಡೆಸಿದವಳು ಮೇರಿ. 1870ರಲ್ಲಿ ಗಂಡ ತೀರಿಕೊಂಡ ಮೇಲೆಯೂ ಆಕೆ ವ್ಯವಹಾರವನ್ನು ಕೈಬಿಡದೆ ಬೆಳೆಸಿದಳು. ಸಂಸ್ಥೆಗೆ ಗಂಡನ ಮನೆತನದ ಹೆಸರು ನಿಂತಿತು, ದುಡಿಮೆ ಆಕೆಯದು.

ಮುಂದಿನ ಎಂಬತ್ತು ವರ್ಷಗಳನ್ನು ಒಂದೇ ನೆಗೆತದಲ್ಲಿ ದಾಟಬಹುದು. ಕಂಪನಿ ಬೆಳೆಯಿತು, ಮುಖ್ಯ ಕಚೇರಿ ಸಾವಿರ ಕಿಲೋಮೀಟರಿಗೂ ದೂರವಾದ ಸಿಡ್ನಿ ನಗರಕ್ಕೆ ಹೋಯಿತು. ಆಸ್ಟ್ರೇಲಿಯಾದ ಜನ ಆಗ ಹೆಚ್ಚಾಗಿ ಕುಡಿಯುತ್ತಿದ್ದುದು ಷೆರ್ರಿ, ಪೋರ್ಟ್ ಎಂಬ ಗಡುಸಾದ, ಬಹುಮಟ್ಟಿಗೆ ಸಿಹಿಯಾದ ಪಾನೀಯಗಳನ್ನು. ಕಂಪನಿ ಜನ ಕೇಳಿದ್ದನ್ನು ತಯಾರಿಸುತ್ತಿತ್ತು.

ಈ ಕಂಪನಿಗೆ 1931ರಲ್ಲಿ ಬರೋಸ ಕಣಿವೆಯ ನೂರಿಯೂಟ್ಪ ಎಂಬಲ್ಲಿ ಕಾಗದಪತ್ರ ಒಯ್ಯುವ ಹುಡುಗನಾಗಿ ಸೇರಿದವನು ಮ್ಯಾಕ್ಸ್ ಷೂಬರ್ಟ್. ಜರ್ಮನಿಯಿಂದ ವಲಸೆ ಬಂದು ಆ ಕಣಿವೆಯಲ್ಲಿ ನೆಲೆಸಿದ ಜನರ ವಂಶದವನು, ಹುಟ್ಟಿದ್ದು 1915ರಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಮಗಿಲ್‌ಗೆ ಬಂದು ಹಗಲು ದುಡಿದು, ಸಂಜೆಯ ತರಗತಿಗಳಲ್ಲಿ ರಸಾಯನಶಾಸ್ತ್ರ ಕಲಿತು, ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಹೋಗಿ ಹಿಂದಿರುಗಿ, 1948ರಲ್ಲಿ ಕಂಪನಿಯ ಮುಖ್ಯ ವೈನು ತಯಾರಕನಾದನು. ಆಗ ಆತನ ವಯಸ್ಸು ಮೂವತ್ತಮೂರು.

ಷೆರ್ರಿಯ ತಯಾರಿಕೆಯನ್ನು ಅಭ್ಯಾಸ ಮಾಡಿಕೊಂಡು ಬರಲೆಂದು ಕಂಪನಿ ಈತನನ್ನು ಸ್ಪೇನ್ ದೇಶಕ್ಕೆ ಕಳುಹಿಸಿತು. ಹೋದ ಕೆಲಸ ಮುಗಿಸಿ 1950ರ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಆತನು ಫ್ರಾನ್ಸಿನ ಬೋರ್ಡೋ ಪ್ರಾಂತವನ್ನು ಸುತ್ತಿದನು. ಕ್ರಿಸ್ಟಿಯಾನ್ ಕ್ರೂಸ್ ಎಂಬ ಹಿರಿಯ ವರ್ತಕನು ಈ ಅಪರಿಚಿತ ಆಸ್ಟ್ರೇಲಿಯನ್ನನನ್ನು ಆದರದಿಂದ ಕಂಡು, ನಲವತ್ತು ಐವತ್ತು ವರ್ಷ ಹಳೆಯದಾದ ವೈನುಗಳ ರುಚಿ ತೋರಿಸಿದನು. ಷೂಬರ್ಟನ ಬಾಳು ತಿರುಗಿದ್ದು ಅಲ್ಲಿ. ತನ್ನ ದೇಶದಲ್ಲಿ ಎರಡು ಮೂರು ವರ್ಷಗಳಿಗೆ ಸಪ್ಪೆಯಾಗುವ ದ್ರಾಕ್ಷಾರಸ ಇಲ್ಲಿ ಅರ್ಧ ಶತಮಾನ ಕಳೆದೂ ಜೀವ ಹಿಡಿದುಕೊಂಡಿತ್ತು. ಕನಿಷ್ಠ ಇಪ್ಪತ್ತು ವರ್ಷ ಬಾಳುವ, ವರ್ಷ ವರ್ಷಕ್ಕೂ ಹದಗೊಳ್ಳುವ ಒಂದು ಕೆಂಪು ವೈನನ್ನು ತನ್ನ ನೆಲದಲ್ಲಿಯೇ ಮಾಡಬೇಕೆಂಬ ಹಂಬಲವನ್ನು ಹೊತ್ತು ಆತನು ಊರಿಗೆ ಮರಳಿದನು.

ಹಳೆಯದಾದಷ್ಟೂ ಒಳ್ಳೆಯದಾಗುವ ವಸ್ತುಗಳು ಅಡಿಗೆಮನೆ ಬಲ್ಲವರಿಗೆ ಹೊಸವಲ್ಲ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆಯದು ಅರಳುತ್ತದೆ. ಹಳೆಯ ಹುಣಸೆಹಣ್ಣನ್ನು ಔಷಧಕ್ಕೆಂದು ಅಜ್ಜಿಯರು ಕಾಪಿಟ್ಟಿರುತ್ತಾರೆ. ಆದರೆ ಎಲ್ಲ ಹಳತೂ ಹದವಾಗದು, ಬಹುಪಾಲು ಕೊಳೆಯುತ್ತದೆ. ಕೆಂಪು ವೈನಿನಲ್ಲಿ ಬಾಳಿಕೆಯ ಗುಟ್ಟು ಇರುವುದು ಒಗರಿನಲ್ಲಿ. ದ್ರಾಕ್ಷಿಯ ಸಿಪ್ಪೆಯಿಂದಲೂ ಬೀಜದಿಂದಲೂ ಮರದ ಪೀಪಾಯಿಯಿಂದಲೂ ಟ್ಯಾನಿನ್ ಎಂಬ ಒಗರಿನ ಅಂಶ ರಸಕ್ಕೆ ಇಳಿಯುತ್ತದೆ. ಎಳೆಯ ವೈನಿನಲ್ಲಿ ಅದು ನಾಲಗೆಯನ್ನು ಹಿಡಿದು ಎಳೆಯುತ್ತದೆ, ಎಳೆಯ ಅಡಿಕೆಯನ್ನೋ ಹೀಚು ಬಾಳೆಕಾಯನ್ನೋ ಕಚ್ಚಿದಂತೆ. ಸೀಸೆಯನ್ನು ಕತ್ತಲೆಯ ತಂಪಿನಲ್ಲಿ ಅಡ್ಡಲಾಗಿ ಮಲಗಿಸಿ ವರ್ಷಗಟ್ಟಲೆ ಕದಲಿಸದೆ ಬಿಟ್ಟರೆ ಆ ಒಗರು ಬಣ್ಣದೊಡನೆ ಕೂಡಿಕೊಂಡು ಗಸಿಯಾಗಿ ತಳಕ್ಕೆ ಇಳಿಯುತ್ತ ಹೋಗುತ್ತದೆ. ನೇರಿಳೆಯ ಕಪ್ಪಿದ್ದದ್ದು ಮಾಣಿಕ್ಯಕ್ಕೂ ಕಡೆಗೆ ಇಟ್ಟಿಗೆಯ ಬಣ್ಣಕ್ಕೂ ತಿರುಗುತ್ತದೆ. ಹಣ್ಣಿನ ವಾಸನೆಯ ಜಾಗದಲ್ಲಿ ತೊಗಲು, ಮಣ್ಣು, ಒಣಗಿದ ಎಲೆಗಳನ್ನು ನೆನಪಿಸುವ ಸೂಕ್ಷ್ಮವಾದ ಪರಿಮಳಗಳು ಹುಟ್ಟುತ್ತವೆ. ಸೀಸೆಯನ್ನು ಅಡ್ಡ ಮಲಗಿಸುವುದು ಬಿರಡೆ ಒಣಗಿ ಕುಗ್ಗದಿರಲೆಂದು. ಕುಗ್ಗಿದರೆ ಗಾಳಿ ನುಗ್ಗಿ ಎಲ್ಲ ಹುಳಿಯಾದೀತು. ಎಂದಮೇಲೆ ದೀರ್ಘಾಯುಷ್ಯದ ವೈನು ಮಾಡುವವನು ಮೊದಲ ಕೆಲವು ವರ್ಷ ಬಾಯಿಗೆ ಒಗ್ಗದ ವೈನನ್ನೇ ಮಾಡಬೇಕಾಗುತ್ತದೆ. ಷೂಬರ್ಟನ ಸಂಕಟವೆಲ್ಲ ಹುಟ್ಟಿದ್ದು ಇದರಿಂದ.

ಬೋರ್ಡೋದಲ್ಲಿ ಕಂಡದ್ದನ್ನು ಆತನು ಕಣ್ಣು ಮುಚ್ಚಿ ನಕಲು ಮಾಡಲಿಲ್ಲ. ಅಲ್ಲಿನ ಮುಖ್ಯ ತಳಿಯಾದ ಕ್ಯಾಬರ್ನೆ ದ್ರಾಕ್ಷಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆಗ ವಿರಳ. ಧಾರಾಳವಾಗಿ ದೊರಕುತ್ತಿದ್ದುದು ಷಿರಾಜ್. ಸರಿ, ಷಿರಾಜೇ ಆಗಲಿ ಎಂದನು. ಫ್ರೆಂಚ್ ಓಕ್ ಮರದ ಪೀಪಾಯಿಗಳ ಬದಲು ಅಮೆರಿಕದ ಓಕ್ ಮರದವನ್ನು ಆರಿಸಿಕೊಂಡನು. 1951ರಲ್ಲಿ ಮಗಿಲ್ ತೋಟದ ಹಣ್ಣಿಗೆ ನಗರದ ದಕ್ಷಿಣದ ಮಾರ್ಫೆಟ್ ವೇಲ್ ಎಂಬಲ್ಲಿಯ ಹಣ್ಣನ್ನು ಸೇರಿಸಿ ಮೊದಲ ಪ್ರಯೋಗ ನಡೆಯಿತು. ಭೂಮಧ್ಯರೇಖೆಯ ಆಚೆಗಿನ ಆ ನಾಡಿನಲ್ಲಿ ದ್ರಾಕ್ಷಿಯ ಸುಗ್ಗಿ ಬರುವುದು ಫೆಬ್ರವರಿಯಿಂದ ಏಪ್ರಿಲಿನೊಳಗೆ. ತೆರೆದ ತೊಟ್ಟಿಯಲ್ಲಿ ರಸ ಹುದುಗೆದ್ದಾಗ ಸಿಪ್ಪೆಗಳು ಮೇಲಕ್ಕೆ ತೇಲಿ ಗಟ್ಟಿ ಪದರವಾಗುವುದು ವಾಡಿಕೆ. ಷೂಬರ್ಟ್ ಮರದ ಹಲಗೆಗಳನ್ನು ಅಡ್ಡ ಹಾಕಿ ಸಿಪ್ಪೆ ಸದಾ ರಸದಲ್ಲಿ ಮುಳುಗಿರುವಂತೆ ಮಾಡಿದನು. ರಸದ ಬಿಸಿಯನ್ನು ಹತೋಟಿಯಲ್ಲಿಟ್ಟು, ಕೆಲವೇ ದಿನಗಳಲ್ಲಿ ಮುಗಿಯಬಹುದಾಗಿದ್ದ ಕ್ರಿಯೆಯನ್ನು ನಿಧಾನವಾಗಿ ಎಳೆದನು. ಬಣ್ಣವೂ ಒಗರೂ ಕೊನೆಯ ಹನಿಯವರೆಗೂ ಇಳಿಯಬೇಕೆಂಬುದು ಲೆಕ್ಕ. ಕೊನೆಯ ಹುದುಗು ತೀರುವ ಮೊದಲೇ ರಸವನ್ನು, ತಲಾ 300 ಲೀಟರು ಹಿಡಿಸುವ ಐದು ಹೊಸ ಪೀಪಾಯಿಗಳಿಗೆ ತುಂಬಿದನು. ಹೋಲಿಕೆಗೆಂದು ಅದೇ ರಸವನ್ನು ದೊಡ್ಡದೊಂದು ಹಳೆಯ ಪೀಪಾಯಿಯಲ್ಲಿಯೂ ಇರಿಸಿದನು. ತಿಂಗಳು ಕಳೆಯುವುದರೊಳಗೆ ಎರಡರ ನಡುವಣ ವ್ಯತ್ಯಾಸ ಎದ್ದು ಕಂಡಿತು. ಪ್ರತಿ ವರ್ಷವೂ ಈ ವೈನನ್ನು ಮಾಡುವುದೆಂದು ನಿಶ್ಚಯಿಸಿ, ಡಾಕ್ಟರು ದಂಪತಿಗಳ ಕಲ್ಲುಮನೆಯ ಹೆಸರನ್ನೇ ಅದಕ್ಕೆ ಇಟ್ಟನು. ಷಿರಾಜಿಗೆ ಆಸ್ಟ್ರೇಲಿಯಾದಲ್ಲಿದ್ದ ಇನ್ನೊಂದು ಹೆಸರನ್ನೂ ಸೇರಿಸಿ ಅದು ‘ಗ್ರೇಂಜ್ ಹರ್ಮಿಟೇಜ್’ ಆಯಿತು. ಆ ಎರಡನೆಯ ಮಾತು ಫ್ರಾನ್ಸಿನ ಒಂದು ಊರ ವೈನಿನ ಹೆಸರಾದುದರಿಂದ ಬಹುಕಾಲದ ಮೇಲೆ, 1990ರ ಬೆಳೆಯಿಂದಾಚೆಗೆ, ಬಿಟ್ಟುಹೋಯಿತು.

ಆರು ಸುಗ್ಗಿಗಳು ಕಳೆದವು. ಸುರಂಗದಲ್ಲಿ ಸೀಸೆಗಳ ರಾಶಿ ಏರಿತು. ಅದರಲ್ಲಿ ತೊಡಗಿಸಿದ ಹಣವೂ ಏರಿತು. ಈ ದುಡ್ಡೆಲ್ಲ ಎಲ್ಲಿ ಹೂತುಹೋಗುತ್ತಿದೆ ನೋಡೋಣವೆಂದು ಸಿಡ್ನಿಯ ಆಡಳಿತ ಮಂಡಳಿ ಕೇಳಿದ್ದು ನ್ಯಾಯವೇ. 1951ರಿಂದ 1956ರವರೆಗಿನ ಎಲ್ಲ ವರ್ಷಗಳ ಸೀಸೆಗಳನ್ನು ತರಿಸಿ, ಬಲ್ಲವರೆನಿಸಿಕೊಂಡ ರಸಿಕರನ್ನೂ ಮಂಡಳಿಯ ಸ್ನೇಹಿತರನ್ನೂ ಕೂರಿಸಿ ರುಚಿ ನೋಡಿಸಿದರು. ಷೂಬರ್ಟ್ ಎದುರಿಗೇ ಇದ್ದನು. ಒಬ್ಬೊಬ್ಬರಾಗಿ ಬಟ್ಟಲನ್ನು ಕೆಳಗಿಟ್ಟರು. ಕಾಡುಹಣ್ಣುಗಳ ಜೊತೆಗೆ ಇರುವೆಗಳನ್ನು ಅರೆದು ಹಾಕಿದಂತಿದೆ ಎಂದರು ಒಬ್ಬರು. ಇನ್ನೊಬ್ಬರು ಆತನನ್ನು ಅಭಿನಂದಿಸಿದರು: ಒಳ್ಳೆಯ ಪೋರ್ಟನ್ನೇ ಮಾಡಿದ್ದೀಯೆ, ಆದರೆ ಬುದ್ಧಿ ಸ್ವಾಧೀನದಲ್ಲಿರುವವರಾರೂ ಇದನ್ನು ಕೊಳ್ಳಲಾರರು, ಕುಡಿಯುವ ಮಾತಂತೂ ದೂರ, ಎಂಬ ಅರ್ಥದಲ್ಲಿ. ಅಡಿಲೇಡಿನಲ್ಲಿ ಮತ್ತೊಮ್ಮೆ ರುಚಿ ತೋರಿಸಿದ್ದಾಯಿತು; ಅಲ್ಲಿಯೂ ಇದೇ ಮಾತು. 1957ರ ಕೊಯ್ಲಿಗೆ ಸ್ವಲ್ಪ ಮುಂಚೆ ಮುಖ್ಯ ಕಚೇರಿಯಿಂದ ಲಿಖಿತ ಅಪ್ಪಣೆ ಬಂತು. ಗ್ರೇಂಜ್ ತಯಾರಿಕೆಯನ್ನು ನಿಲ್ಲಿಸತಕ್ಕದ್ದು.

ಮಂಡಳಿಯವರನ್ನು ಮೂರ್ಖರೆಂದು ಇಂದು ನಗುವುದು ಸುಲಭ. ಇಪ್ಪತ್ತು ವರ್ಷಕ್ಕೆಂದು ಕಟ್ಟಿದ ವೈನನ್ನು ಅವರು ಐದು ವರ್ಷದೊಳಗೆ ಕುಡಿದು ನೋಡಿದರೆಂಬುದು ನಿಜ; ಆದರೆ ವ್ಯಾಪಾರಿಯ ಲೆಕ್ಕ ವರ್ಷದ ಕೊನೆಗೆ ಮುಗಿಯಬೇಕು. ಮಾರಲಾರದ ಸರಕು ಬೆಳೆಯುತ್ತಿತ್ತು, ಸಂಸ್ಥೆಯ ಹೆಸರಿಗೂ ಕುಂದು ಬರುವಂತಿತ್ತು. ಷೂಬರ್ಟನ ಪಕ್ಷದಲ್ಲಿದ್ದುದಾದರೂ ಏನು? ಪರದೇಶದಲ್ಲಿ ನಾಲಗೆಗೆ ತಾಕಿದ ಒಂದು ನೆನಪು, ಮತ್ತು ಇನ್ನೂ ಬಾರದ ಕಾಲ.

ಅಪ್ಪಣೆಯ ಕಾಗದ ಬಂದ ವರ್ಷವೂ ಆತನು ಗ್ರೇಂಜ್ ಮಾಡಿದನು. ಮರುವರ್ಷವೂ ಮಾಡಿದನು. 1959ರಲ್ಲಿಯೂ ಮಾಡಿದನು. ಸಾವಿರ ಕಿಲೋಮೀಟರಿನ ಅಂತರ ಒಂದು ಆಸರೆಯಾಯಿತು. ಅದಕ್ಕಿಂತ ದೊಡ್ಡ ಆಸರೆ ಜೆಫ್ರಿ ಪೆನ್‌ಫೋಲ್ಡ್ ಹೈಲ್ಯಾಂಡ್ ಎಂಬಾತನದು. ಒಡೆಯರ ಮನೆತನಕ್ಕೇ ಸೇರಿದ ಈತನು ಅಡಿಲೇಡಿನಲ್ಲಿ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದನು, ಗ್ರೇಂಜಿನಲ್ಲಿ ನಂಬಿಕೆಯಿಟ್ಟಿದ್ದನು, ಗುಟ್ಟನ್ನು ಬಿಟ್ಟುಕೊಡಲಿಲ್ಲ. ಸೀಸೆಗಳು ಮಗಿಲ್ ಗುಡ್ಡದ ಸುರಂಗಗಳ ಒಳಮೂಲೆ ಸೇರಿದವು. ಆದರೂ ಒಂದು ಕೊರತೆಯನ್ನು ಯಾರಿಂದಲೂ ತುಂಬಲಾಗಲಿಲ್ಲ. ಹೊಸ ಓಕ್ ಪೀಪಾಯಿಗಳನ್ನು ಕೊಂಡರೆ ಖರೀದಿಯ ಲೆಕ್ಕದಲ್ಲಿ ಬರೆಯಬೇಕು, ಬರೆದರೆ ಸಿಡ್ನಿಗೆ ತಿಳಿಯುತ್ತದೆ. ಆದುದರಿಂದ ಆ ಮೂರು ವರ್ಷದ ವೈನು ಹಳೆಯ ಪೀಪಾಯಿಗಳಲ್ಲಿಯೇ ಬೆಳೆಯಬೇಕಾಯಿತು, ಪ್ರಮಾಣವೂ ಕಡಿಮೆ. ಹೊಸ ಮರದ ಸತ್ತ್ವವಿಲ್ಲದ ಅವು ಮುಂಚಿನವುಗಳಷ್ಟು ಏರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಕಳ್ಳತನದಲ್ಲಿ ಬೆಳೆದ ಕೂಸುಗಳು. ಅರೆಹೊಟ್ಟೆಯ ಗುರುತು ಮೈಮೇಲೆ ಉಳಿಯಿತು.

ಆತನು ಮಾಡಿದ್ದು ಸರಿಯೇ? ಕಚೇರಿಯಲ್ಲಿ ದುಡಿದು ಬಲ್ಲವರಾರೂ ಥಟ್ಟನೆ ಹೌದೆನ್ನಲಾರರು. ದ್ರಾಕ್ಷಿ ಕಂಪನಿಯದು, ಕೂಲಿ ಕಂಪನಿಯದು, ಸೀಸೆಯೂ ಬಿರಡೆಯೂ ಕಂಪನಿಯವು. ವೈನು ಕೆಟ್ಟಿದ್ದರೆ, ಅಥವಾ ಗುಟ್ಟು ಮೊದಲೇ ಹೊರಬಿದ್ದಿದ್ದರೆ, ಮಾಲೀಕರ ಸೊತ್ತನ್ನು ತನ್ನ ಹಟಕ್ಕಾಗಿ ಪೋಲು ಮಾಡಿದ ನೌಕರನೆಂದು ಆತನ ಹೆಸರು ಉಳಿಯುತ್ತಿತ್ತು. ಜಾಣ್ಮೆಯೋ ಉದ್ಧಟತನವೋ ಎಂಬುದನ್ನು ಗೆಲುವು ಸೋಲುಗಳೇ ತೀರ್ಮಾನಿಸಿಬಿಟ್ಟವು. ಇದನ್ನು ಷೂಬರ್ಟನ ಅಭಿಮಾನಿಗಳು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ.

ಇತ್ತ ಕಾಲ ತನ್ನ ಕೆಲಸವನ್ನು ಮಾಡುತ್ತಿತ್ತು. 1951ರ ಸೀಸೆಗಳೂ 1955ರವೂ ಸುರಂಗದಲ್ಲಿ ಮಲಗಿದಲ್ಲಿಯೇ ಒಗರು ಕಳೆದುಕೊಂಡು ಮೆದುವಾದವು. ರುಚಿ ನೋಡಿದವರ ಮಾತಿನ ಧಾಟಿ ಬದಲಾಯಿತು. ಮಂಡಳಿಯವರು ಅದೇ ಹಳೆಯ ಸೀಸೆಗಳನ್ನು ಮತ್ತೆ ತರಿಸಿ ಕುಡಿದು ನೋಡಿದರು. 1960ರ ಕೊಯ್ಲಿಗೆ ಸರಿಯಾಗಿ ಗ್ರೇಂಜ್ ತಯಾರಿಕೆಯನ್ನು ಮರಳಿ ಆರಂಭಿಸತಕ್ಕದ್ದೆಂದು ಅಪ್ಪಣೆ ಹೊರಟಿತು. ನಿಂತೇ ಇರದಿದ್ದುದನ್ನು ಮತ್ತೆ ಆರಂಭಿಸುವ ಆ ಕಾಗದವನ್ನು ಷೂಬರ್ಟ್ ಯಾವ ಮುಖದಿಂದ ಓದಿಕೊಂಡನೋ! 1962ರ ಸಿಡ್ನಿ ಪ್ರದರ್ಶನದಲ್ಲಿ 1955ರ ಗ್ರೇಂಜ್ ಚಿನ್ನದ ಪದಕ ಪಡೆಯಿತು, ಆಮೇಲೆ ಪದಕಗಳ ಸಾಲೇ ಬಂದಿತು. ಆತನು 1975ರಲ್ಲಿ ಮುಖ್ಯ ತಯಾರಕನ ಕೆಲಸದಿಂದ ನಿವೃತ್ತನಾಗಿ 1994ರಲ್ಲಿ ತೀರಿಕೊಂಡನು. ಮರುವರ್ಷ ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆ 1990ರ ಗ್ರೇಂಜನ್ನು ವರ್ಷದ ಶ್ರೇಷ್ಠ ವೈನೆಂದು ಆರಿಸಿತು.

ಮೊದಲ ವರ್ಷದ ಸೀಸೆಗಳನ್ನು ಯಾರೂ ಹಣ ಕೊಟ್ಟು ಕೊಂಡವರಲ್ಲ, ಷೂಬರ್ಟ್ ಸ್ನೇಹಿತರಿಗೆ ಹಂಚಿಬಿಟ್ಟಿದ್ದನು. ಅಂತಹ ಒಂದು ಸೀಸೆ 2021ರ ಹರಾಜಿನಲ್ಲಿ ಒಂದೂವರೆ ಲಕ್ಷ ಆಸ್ಟ್ರೇಲಿಯಾ ಡಾಲರಿಗೂ ಮೇಲೆ ಹೋಯಿತು. ಇಷ್ಟು ಬೆಲೆ ತೆತ್ತವನು ಅದನ್ನು ಕುಡಿಯುವನೆಂದು ನಂಬುವುದು ಕಷ್ಟ. ಕುಡಿಯದೆ ಕಪಾಟಿನಲ್ಲಿಡುವ ವೈನಿಗೂ, ಉಡದೆ ಪೆಟ್ಟಿಗೆಯಲ್ಲಿಡುವ ಪೀತಾಂಬರಕ್ಕೂ ಅಂತರವೇನೂ ಇಲ್ಲ.

ಬಚ್ಚಿಟ್ಟ ಮೂರು ವರ್ಷಗಳಲ್ಲಿ ಕೊನೆಯದು ಮುಂದೆ ಇನ್ನೊಂದು ಅವಾಂತರಕ್ಕೂ ಕಾರಣವಾಯಿತು. ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್, ಎಂದರೆ ಇಲ್ಲಿನ ಮುಖ್ಯಮಂತ್ರಿಗೆ ಸಮನಾದ ಪದವಿಯಲ್ಲಿದ್ದ ಬ್ಯಾರಿ ಓಫರೆಲ್ ಹುಟ್ಟಿದ್ದು 1959ರಲ್ಲಿ. ಆತನು 2011ರಲ್ಲಿ ಅಧಿಕಾರಕ್ಕೆ ಬಂದಾಗ ಉದ್ಯಮಿಯೊಬ್ಬನು ಹುಟ್ಟಿದ ವರ್ಷದ್ದೇ ಆದ ಗ್ರೇಂಜ್ ಸೀಸೆಯನ್ನು ಕಳುಹಿಸಿಕೊಟ್ಟನು. ಬೆಲೆ ಸುಮಾರು 3000 ಡಾಲರು. 2014ರ ಏಪ್ರಿಲಿನಲ್ಲಿ ಭ್ರಷ್ಟಾಚಾರ ವಿಚಾರಣೆಯ ಆಯೋಗದ ಮುಂದೆ, ಅಂತಹ ಉಡುಗೊರೆ ಬಂದ ನೆನಪೇ ಇಲ್ಲವೆಂದು ಆತನು ಹೇಳಿದನು. ಮರುದಿನವೇ ಆತನ ಕೈಬರಹದಲ್ಲಿದ್ದ ಕೃತಜ್ಞತೆಯ ಚೀಟಿ ಹೊರಬಂತು. ಬೇಕೆಂದೇ ದಾರಿ ತಪ್ಪಿಸಿದನೆಂದು ಆಯೋಗವೇನೂ ಹೇಳಲಿಲ್ಲ. ಆದರೂ ಆತನು ಅಂದೇ ರಾಜೀನಾಮೆ ಕೊಟ್ಟನು. ಹೊರಗೆ ತಿಳಿಯಬಾರದೆಂದು ಹುಟ್ಟಿದ ವೈನು ಐವತ್ತೈದು ವರ್ಷಗಳ ಮೇಲೆ ಒಂದು ದೇಶಕ್ಕೆಲ್ಲ ತಿಳಿದುಹೋಯಿತು.

ವೈನಿನ ಬೆಲೆ ಏರಿದ ಹಾಗೆ ತೋಟ ಮಾತ್ರ ಕುಗ್ಗಿತು. ಡಾಕ್ಟರು ಕೊಂಡಾಗ ನೂರಾರು ಎಕರೆಯಿದ್ದ ಮಗಿಲ್ ನೆಲವನ್ನು ಬೆಳೆಯುತ್ತಿದ್ದ ನಗರ ಒಂದೊಂದು ಅಂಚಿನಿಂದಲೂ ಕಚ್ಚುತ್ತ ಬಂತು. 1976ರಲ್ಲಿ ಕಂಪನಿ ಮನೆತನದ ಕೈಬಿಟ್ಟು ಪರರ ಪಾಲಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಬಳ್ಳಿಗಳನ್ನು ಕಿತ್ತು ಬಹುಭಾಗವನ್ನು ಮನೆಯ ನಿವೇಶನಗಳಿಗೆ ಮಾರಿದರು. ಉಳಿದಿರುವುದು ಆ ಹದಿಮೂರು ಎಕರೆ. ಗ್ರೇಂಜಿಗೆ ಹಣ್ಣು ಬರುವುದು ಈಗ ಬಹುಪಾಲು ಬರೋಸ ಕಣಿವೆ ಮೊದಲಾದ ಕಡೆಗಳಿಂದ. ಯಾವ ವರ್ಷ ಯಾವ ತೋಟದ ಷಿರಾಜ್ ಉತ್ತಮವೋ ಅವುಗಳನ್ನು ಕೂಡಿಸಿ ಅಳತೆ ಕಟ್ಟುತ್ತಾರೆ. ಒಂದೇ ಹೊಲದ ಮಣ್ಣನ್ನು ದೇವರಂತೆ ಕಾಣುವ ಫ್ರೆಂಚರಿಗೆ ಇದು ಹಿಡಿಸದು. ಷೂಬರ್ಟ್ ಮಾತ್ರ ಮೊದಲ ದಿನದಿಂದಲೂ ಎರಡು ತೋಟಗಳನ್ನು ಬೆರೆಸಿದವನೇ.

ಕಂಪನಿಯವರು 1991ರಿಂದ ನಡೆಸುತ್ತ ಬಂದಿರುವ ಒಂದು ಪರಿಪಾಠವನ್ನು ಡಾಕ್ಟರು ಪೆನ್‌ಫೋಲ್ಡ್ ಕಂಡಿದ್ದರೆ ಸಂತೋಷಪಡುತ್ತಿದ್ದನು. ಅದಕ್ಕೆ ಅವರು ಇಟ್ಟ ಹೆಸರೇ ಚಿಕಿತ್ಸಾಲಯ. ಹದಿನೈದು ವರ್ಷಕ್ಕೂ ಹಳೆಯದಾದ ಸೀಸೆಗಳನ್ನು ಹೊತ್ತು ಜನ ಬರುತ್ತಾರೆ. ತಂದೆ ಮದುವೆಗೆಂದು ಕೊಂಡದ್ದು, ಮಗ ಹುಟ್ಟಿದ ವರ್ಷ ಎತ್ತಿಟ್ಟದ್ದು, ಹೀಗೆ ಒಂದೊಂದಕ್ಕೂ ಒಂದು ನೆಪ. ಸೀಸೆಯನ್ನು ಬೆಳಕಿಗೆ ಹಿಡಿದು ರಸ ಎಷ್ಟು ಇಳಿದಿದೆಯೆಂದು ನೋಡುತ್ತಾರೆ. ಬಹಳ ಇಳಿದಿದ್ದರೆ ಒಡೆಯನ ಒಪ್ಪಿಗೆ ಪಡೆದು ಬಿರಡೆ ತೆಗೆದು, ಒಂದು ಗುಟುಕಿನಷ್ಟನ್ನು ಬಟ್ಟಲಿಗೆ ಬಗ್ಗಿಸಿ ತಯಾರಕನು ಮೂಸಿ ರುಚಿ ನೋಡುತ್ತಾನೆ. ಎದುರಿಗೆ ಒಡೆಯ ಕೈಕಟ್ಟಿ ಕಾದಿರುತ್ತಾನೆ, ನಾಡಿ ಹಿಡಿದ ವೈದ್ಯರ ಮುಖವನ್ನು ನೋಡುವವರ ಹಾಗೆ. ಗಟ್ಟಿಯಾಗಿದ್ದರೆ ಕೊರೆ ಬಿದ್ದಷ್ಟನ್ನು ಹೊಸ ಗ್ರೇಂಜಿನಿಂದ ತುಂಬಿ, ಹೊಸ ಬಿರಡೆ ಬಡಿದು, ಸಹಿ ಮಾಡಿದ ಚೀಟಿಯನ್ನು ಅಂಟಿಸಿ ಕೊಡುತ್ತಾರೆ. ಜೀವ ಹೋಗಿದ್ದರೆ ಚೀಟಿಯಿಲ್ಲ. ಗುರುತಿಲ್ಲದ ಬಿರಡೆಯೊಂದನ್ನು ಹಾಕಿ, ಮನೆಗೆ ಕೊಂಡುಹೋಗಿ ಈ ರಾತ್ರಿಯೇ ಕುಡಿದುಬಿಡಿ ಎಂದು ಮೆಲ್ಲಗೆ ಹೇಳಿ ಕಳುಹಿಸುತ್ತಾರೆ.